ನಿಮಗಿದು ಗೊತ್ತೆ? ಗೆಡ್ಡೆಯ ಲೆಕ್ಕದಲ್ಲಿ ಆಲೂವಿನದೇ ದರ್ಬಾರು

ದೇಶದಲ್ಲಿ ಗೆಡ್ಡೆ-ಗೆಣಸಿನ ಪೂರೈಕೆ ಏರಿದೆ ಎಂಬ ಅಂಕಿ ಕಂಡರೆ, ಅದು ಬಹುಮಟ್ಟಿಗೆ ಆಲೂಗೆಡ್ಡೆಯ ಏರಿಕೆ ಎಂದೇ ಓದಿಕೊಳ್ಳಬೇಕು. 1950–51ರಲ್ಲಿ ಸುಮಾರು 16 ಲಕ್ಷ ಟನ್ ಇದ್ದ ಭಾರತದ ಆಲೂ ಬೆಳೆ ಈಗ 5 ಕೋಟಿ ಟನ್ ದಾಟಿದೆ. ಸಿಂಹಪಾಲು ಉತ್ತರಪ್ರದೇಶ, ಪಶ್ಚಿಮ ಬಂಗಾಳಗಳದು. ಮರಗೆಣಸಿನ ಕಥೆ ಬೇರೆ. 1942ರಲ್ಲಿ ಬರ್ಮಾದ ಅಕ್ಕಿ ನಿಂತಾಗ ತಿರುವಾಂಕೂರಿನ ಹೊಟ್ಟೆ ತುಂಬಿಸಿದ ಈ ಬೆಳೆ, ಕೇರಳದಲ್ಲಿ 1970ರ ದಶಕದ ನಡುವೆ ಮೂರು ಲಕ್ಷ ಹೆಕ್ಟೇರ್ ಮೀರಿ, ಆಮೇಲೆ ರಬ್ಬರಿಗೆ ಜಾಗ ಬಿಟ್ಟಿತು. ತಮಿಳುನಾಡಿನಲ್ಲಿ ಅದರ ಬಹುಪಾಲು ಸೇಲಂ ಸುತ್ತಿನ ಕಾರ್ಖಾನೆಗಳಲ್ಲಿ ಸಬ್ಬಕ್ಕಿ, ಪಿಷ್ಟವಾಗುತ್ತದೆ. ದೇಶೀಯ ಪೂರೈಕೆಯ ಲೆಕ್ಕದಲ್ಲಿ ಬಿತ್ತನೆಗೆ ಇಟ್ಟದ್ದು, ಕಾರ್ಖಾನೆಗೆ ಹೋದದ್ದು, ಕೊಳೆತದ್ದು ಎಲ್ಲವೂ ಸೇರಿರುತ್ತದೆ. ತಟ್ಟೆಗೆ ಬಿದ್ದದ್ದಷ್ಟೇ ಅಲ್ಲ.

ಒಟ್ಟು ಹೆಚ್ಚಿದರೆ ಸಾಲದೆ, ಎಲ್ಲಿ ಬೆಳೆದರೇನು ಎನ್ನಬಹುದು. ಅಕ್ಕಿಗಾದರೆ ಆ ಮಾತು ಒಪ್ಪುತ್ತದೆ. ಆದರೆ ಆಲೂವಿನ ತೂಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ದೂರ ಸಾಗಿಸಿದಷ್ಟೂ ನೀರಿಗೇ ಬಾಡಿಗೆ. ಕಿತ್ತ ಮರಗೆಣಸಿನ ತಿರುಳಿನಲ್ಲಂತೂ ಎರಡು-ಮೂರು ದಿನಕ್ಕೇ ನೀಲಿಗಪ್ಪು ಗೆರೆ ಮೂಡುತ್ತದೆ. ಹಾಗಾಗಿ ತಮಿಳುನಾಡಿನ ತೇನಿ, ದಿಂಡಿಗಲ್ ಸಂತೆಗಳಿಗೂ, ಕನ್ನಡ ಮನೆಮಾತಿನ ಕಪ್ಪಿಲಿಯರಿರುವ ಕಂಬಂ ಕಣಿವೆಗೂ ಹತ್ತಿರದ ಹೊಲವೇ ಮುಖ್ಯ. ಇಲ್ಲಿ ಹತ್ತಿರದ ಆಲೂ ಎಂದರೆ ಕೊಡೈಕನಾಲ್ ಬೆಟ್ಟದ್ದು. ಆದರೆ 1961ರಲ್ಲಿ ನೀಲಗಿರಿಯಲ್ಲಿ ಪತ್ತೆಯಾದ, ಆಲೂವಿನ ಬೇರಿಗೆ ಸಾಸಿವೆಗಿಂತ ಸಣ್ಣ ಹೊಂಬಣ್ಣದ ಮಣಿಗಳಾಗಿ ಅಂಟುವ ಜಂತುಹುಳು ಆ ಬೆಟ್ಟದಲ್ಲೂ ಇದೆ. ಅದರ ಮೊಟ್ಟೆಗಳು ಆಲೂ ಬೆಳೆಯದಿದ್ದರೂ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ.