ಹನ್ನೆರಡು ಕ್ವಿಂಟಾಲಿನ ಭಾರ

2025ರ ಏಪ್ರಿಲ್ 5ರ ನಸುಕಿನಲ್ಲಿ, ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ವ್ಯಾನೊಂದು ಡಿಕ್ಕಿ ಹೊಡೆಯಿತು. ಬಾಗಲಕೋಟೆ ಜಿಲ್ಲೆಯಿಂದ ಕಲಬುರಗಿಯ ಖಾಜಾ ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದವರಲ್ಲಿ ಐವರು ತೀರಿಕೊಂಡರು. ಕತ್ತಲಲ್ಲಿ ನಿಂತ ಲಾರಿ ಈ ಸೀಮೆಗೆ ಹೊಸದಲ್ಲ. ಅಫಜಲಪುರ, ಆಳಂದದ ಕಡೆ ಕಬ್ಬಿನ ಹಂಗಾಮು ಬಂತೆಂದರೆ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳೂ ರಸ್ತೆಗಿಳಿಯುತ್ತವೆ. ಅಂಥದೊಂದು ಹಠಾತ್ತನೆ ಎದುರಾದಾಗ ಕಾರು ಏನೇನು ಮಾಡುತ್ತದೆ?

ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಆ ಒಂದು ಸೆಕೆಂಡು ಮುಗಿದಿರುತ್ತದೆ. ಒಣ ಡಾಂಬರಿನ ಮೇಲೆ ಪೂರ್ತಿ ನಿಲ್ಲಲು ಇನ್ನೂ ಸುಮಾರು 35 ಮೀಟರ್ ಬೇಕು. ಒಟ್ಟು 57. ಚಕ್ರ ಬಿಗಿದು ಜಾರತೊಡಗಿದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗದು. ಇದನ್ನು ತಪ್ಪಿಸುವ ಎಬಿಎಸ್ ಎಂಬ ವ್ಯವಸ್ಥೆ, ಬ್ರೇಕನ್ನು ಸೆಕೆಂಡಿನೊಳಗೆ ಹಲವು ಸಲ ಹಿಡಿದು ಬಿಟ್ಟು ಚಕ್ರವನ್ನು ಉರುಳುತ್ತಲೇ ಇಡುತ್ತದೆ. ಆಗ ಪೆಡಲ್ ಪಾದದಡಿ ಕಟಕಟ ನಡುಗುತ್ತದೆ. ಹೆದರಿ ಕಾಲು ತೆಗೆಯಬಾರದು, ಒತ್ತಿಯೇ ಹಿಡಿಯಬೇಕು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ.

ಜಾಗ ಸಾಲದೆ ಗಂಟೆಗೆ 56 ಕಿ.ಮೀ. ವೇಗದಲ್ಲಿ ಡಿಕ್ಕಿಯಾಯಿತು ಅನ್ನೋಣ. ಆದರೂ ಬ್ರೇಕಿನ ಕೆಲಸ ವ್ಯರ್ಥವಲ್ಲ: 80ರಲ್ಲಿದ್ದ ಹೊಡೆತದ ಶಕ್ತಿಯಲ್ಲಿ ಅರ್ಧವನ್ನು ಅದು ಆಗಲೇ ಕಳೆದಿದೆ. ಉಳಿದರ್ಧ ಕಾರಿನ ಮೂತಿಯ ಪಾಲು. ಮೂತಿ ನಜ್ಜುಗುಜ್ಜಾದ ಕಾರನ್ನು ಕಂಡು "ತಗಡು ಗಾಡಿ" ಎನ್ನುವವರಿದ್ದಾರೆ. ಅದು ತಪ್ಪು ತೀರ್ಪು. ಮೂತಿ ಮಡಚಿಕೊಳ್ಳಲೆಂದೇ ಮಾಡಿದ್ದು, ಜನ ಕೂರುವ ಗೂಡು ಮಾತ್ರ ಗಟ್ಟಿಯಾಗಿರಬೇಕು. ಮೂತಿ 60 ಸೆಂಟಿಮೀಟರ್ ಕುಗ್ಗಿದರೆ, ಒಳಗಿದ್ದವರ ಮೇಲೆ ಬೀಳುವ ಒತ್ತಡ ಅವರವರ ತೂಕದ ಇಪ್ಪತ್ತು ಪಟ್ಟು. 60 ಕಿಲೋ ಮನುಷ್ಯನಿಗೆ 12 ಕ್ವಿಂಟಾಲ್, ಅಂದರೆ 50 ಕಿಲೋದ 24 ಚೀಲ ತೊಗರಿ. ತೊಡೆಯ ಮೇಲಿನ 10 ಕಿಲೋ ಕೂಸೂ ಆ ಗಳಿಗೆಯಲ್ಲಿ 2 ಕ್ವಿಂಟಾಲ್ ಆಗುತ್ತದೆ. ಯಾವ ತಾಯಿಯ ತೋಳೂ ಅದನ್ನು ಹಿಡಿಯಲಾರದು. ಕೂಸಿಗೆ ಅದರದೇ ಸೀಟು ಬೇಕು.

ಈ ಲೆಕ್ಕವೂ ಬೆಲ್ಟ್ ಕಟ್ಟಿದವರಿಗೆ ಮಾತ್ರ. ಕಟ್ಟದವರು ಕಾರು ನಿಂತ ಮೇಲೂ 56ರ ವೇಗದಲ್ಲೇ ಮುಂದೆ ಹೋಗಿ, ಡ್ಯಾಶ್‌ಬೋರ್ಡಿಗೆ ಬಡಿದು ಕೆಲವೇ ಸೆಂಟಿಮೀಟರಿನಲ್ಲಿ ನಿಲ್ಲುತ್ತಾರೆ. ಮೂತಿ ಕೊಟ್ಟ ಜಾಗ ಅವರಿಗೆ ದಕ್ಕುವುದಿಲ್ಲ. ಈಗಿನ ಹಲವು ಕಾರುಗಳಲ್ಲಿ ಡಿಕ್ಕಿಯಾದೊಡನೆ ಬೆಲ್ಟ್ ತಾನೇ ಬಿಗಿದು ಸಡಿಲು ತೆಗೆಯುತ್ತದೆ, ಎದೆಗೆ ಒತ್ತಡ ಹೆಚ್ಚಾದರೆ ತುಸು ಸಡಿಲವನ್ನೂ ಬಿಡುತ್ತದೆ. ಸುಮಾರು 30 ಮಿಲಿಸೆಕೆಂಡಿನಲ್ಲಿ, ಅಂದರೆ ರೆಪ್ಪೆ ಬಡಿಯುವ ಮೊದಲೇ, ಉಬ್ಬಿದ ಏರ್‌ಬ್ಯಾಗ್ ತಲೆಯನ್ನು ಹಿಡಿಯುತ್ತದೆ. ಬೆಲ್ಟಿಲ್ಲದ ದೇಹ ಇನ್ನೂ ಉಬ್ಬುತ್ತಿರುವ ಚೀಲಕ್ಕೇ ಎದುರಾದರೆ ಚೀಲವೇ ಪೆಟ್ಟು. ನಮ್ಮಲ್ಲಿ ಹಿಂದಿನ ಸೀಟಿನ ಬೆಲ್ಟು ಕವರಿನಡಿ ಹುದುಗಿರುತ್ತದೆ. ಹುಣ್ಣಿಮೆಗೆ ಗಾಣಗಾಪುರಕ್ಕೆ ಜನ ತುಂಬಿಕೊಂಡು ಹೋಗುವ ಕ್ರೂಸರಿನ ಅಡ್ಡಬೆಂಚಿನಲ್ಲಿ ಕುಳಿತವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಇಷ್ಟೆಲ್ಲ ಸಾಧನಗಳು ಒಂದನ್ನು ನಂಬಿವೆ: ಎದುರಿನದು ಮೂತಿಗೇ ತಾಗಬೇಕು. ಲಾರಿಯ ತಳ ಎತ್ತರ. ಬಾನೆಟ್ ಅದರಡಿ ನುಗ್ಗಿದರೆ ಮೊದಲ ಪೆಟ್ಟು ಗಾಜಿಗೆ, ಗಾಜಿನ ಹಿಂದಿನ ಮುಖಕ್ಕೆ. ಲಾರಿಯ ಹಿಂಬದಿಯಲ್ಲಿ ತಗ್ಗಾಗಿ ಅಡ್ಡಲಾಗಿರುವ ಕಬ್ಬಿಣದ ತೊಲೆ ಇದಕ್ಕೇ ಇರುವುದು. ಬೇರೆಯವರ ಗಾಡಿಯಲ್ಲಿದ್ದರೂ ಅದು ನಮ್ಮ ಕಾರಿನದೇ ಅಂಗ. ಟ್ರೇಲರಿನ ಹಿಂದೆ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿಯೂ ಹಾಗೆಯೇ. ಹೊರಚಾಚಿದ ಕಬ್ಬಿನ ತುದಿ ಅದನ್ನು ಮುಚ್ಚಿದರೆ, ಹಿಂದೆ ಬರುವ ಚಾಲಕನ 57 ಮೀಟರು ತಡವಾಗಿ ಶುರುವಾಗುತ್ತದೆ.