ಇನ್ನೂ ಕಟ್ಟದ ರಸ್ತೆಯಲ್ಲಿ ಪ್ರಯಾಣ

ಬೆಳಗಾವಿಯಿಂದ ಗೋವೆಗೆ ಹೋಗುವವರಿಗೆ ಎರಡು ಹಾದಿಗಳುಂಟು. ಒಂದು ಖಾನಾಪುರ, ಲೋಂಡಾ, ಅನಮೋಡಗಳ ಮೇಲೆ ಹೋಗುವುದು. ಇನ್ನೊಂದು ಜಾಂಬೋಟಿ, ಕಣಕುಂಬಿಗಳನ್ನು ಹಾದು ಚೋರ್ಲಾ ಘಟ್ಟವನ್ನು ಇಳಿಯುವುದು. ಸಹ್ಯಾದ್ರಿಯ ಸೆರಗನ್ನು ಮುಟ್ಟಿದೊಡನೆ ಎರಡೂ ಬಳುಕತೊಡಗುತ್ತವೆ. ಇಂತಹ ತಿರುವೊಂದರಲ್ಲಿ ದೋಷವಿದೆಯೆಂಬುದು ಹಿಂದೆ ತಿಳಿಯುತ್ತಿದ್ದುದು ರಸ್ತೆ ಸಿದ್ಧವಾಗಿ, ಅದರ ಮೇಲೆ ಕೆಲವು ವಾಹನಗಳು ಉರುಳಿದ ಬಳಿಕವೇ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಎಲ್ಲ ಸಾವಿಗೂ ರಸ್ತೆಯೇ ಹೊಣೆಯಲ್ಲ, ನಿಜ. ಆದರೆ ರಸ್ತೆಯ ಪಾಲಿನ ತಪ್ಪನ್ನು ಮೊದಲೇ ಕಂಡುಹಿಡಿಯಬಹುದಾದಲ್ಲಿ, ಅದರ ಪರೀಕ್ಷೆಗೆ ಮನುಷ್ಯರ ಪ್ರಾಣವನ್ನು ಒಡ್ಡುವುದೇಕೆ?

ಹೀಗೆ ಮೊದಲೇ ಕಾಣುವ ಸಾಧನವೇ ಚಾಲನೆಯನ್ನು ಅನುಕರಿಸುವ ಯಂತ್ರ, ಅಂದರೆ ಸಿಮ್ಯುಲೇಟರ್. 1985ರಲ್ಲಿ ಬರ್ಲಿನ್ನಿನಲ್ಲಿ ಡೈಮ್ಲರ್-ಬೆಂಜ್ ಸಂಸ್ಥೆಯು ಒಂದು ಇಡೀ ಕಾರನ್ನೇ ಗುಮ್ಮಟದಂತಹ ಕೋಣೆಯೊಳಗಿಟ್ಟು, ಆ ಕೋಣೆಯನ್ನು ಆರು ಚಲಿಸುವ ಕಾಲುಗಳ ಮೇಲೆ ನಿಲ್ಲಿಸಿತು. ಚಾಲಕನ ಮುಂದೆ ರಸ್ತೆಯ ಚಿತ್ರ ಓಡುತ್ತದೆ. ಆತ ಬ್ರೇಕು ಒತ್ತಿದರೆ ಕೋಣೆ ಮೆಲ್ಲನೆ ಮುಂದಕ್ಕೆ ಬಾಗುತ್ತದೆ. ಭೂಮಿಯ ಗುರುತ್ವವೇ ಅವನನ್ನು ಮುಂದಕ್ಕೆ ಎಳೆದು, ವೇಗ ತಗ್ಗಿದಂತಹ ಅನುಭವವನ್ನು ಕೊಡುತ್ತದೆ. ಭೌತವಿಜ್ಞಾನದ ಸೊಗಸಾದ ಕಣ್ಕಟ್ಟು ಇದು!

ಆದರೆ ಈ ವೈಭವಕ್ಕಿಂತ ಮುಖ್ಯವಾದುದು ಚಾಲಕನ ಮುಂದೆ ಹಾಸಿರುವ ರಸ್ತೆಯ ಸತ್ಯತೆ. ರಸ್ತೆ ನಿರ್ಮಿಸುವ ಎಂಜಿನಿಯರನು ಮಧ್ಯರೇಖೆ, ಏರಿಳಿತ, ಅಡ್ಡ ಓರೆ, ಇವುಗಳನ್ನೆಲ್ಲ ಗಣಕಯಂತ್ರದಲ್ಲಿ ಮೊದಲೇ ರೂಪಿಸಿರುತ್ತಾನೆ. ಈ ಮಾದರಿಯನ್ನೇ ಸಿಮ್ಯುಲೇಟರಿಗೆ ಕೊಟ್ಟರೆ, ಇನ್ನೂ ಮಣ್ಣು ಅಗೆಯದ ರಸ್ತೆಯಲ್ಲಿ ವಾಹನ ನಡೆಸಬಹುದು.

ಖಾನಾಪುರದತ್ತ 230 ಮೀಟರು ತ್ರಿಜ್ಯದ ತಿರುವೊಂದನ್ನು ಕಲ್ಪಿಸಿಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದನ್ನು ಹಾಯುವ ಕಾರಿಗೆ ಅದರ ತೂಕದ ನೂರಕ್ಕೆ 22ರಷ್ಟು ಕೇಂದ್ರಾಭಿಮುಖ ಬಲ ಬೇಕು. ಟೈರಿನ ಘರ್ಷಣೆಯಿಂದ 15 ಭಾಗ ದೊರೆತರೆ ಉಳಿದ 7 ಭಾಗವನ್ನು ರಸ್ತೆಯ ಹೊರ ಅಂಚನ್ನು ಎತ್ತರಿಸಿ ಪಡೆಯಬೇಕು. ಏಳು ಮೀಟರು ಅಗಲದ ರಸ್ತೆಗೆ ಇದು 49 ಸೆಂಟಿಮೀಟರು. ಇನ್ನೂ ಎತ್ತರಿಸಬಾರದೇಕೆ? ಚಳಿಗಾಲದಲ್ಲಿ ಬೆಳಗಾವಿಯ ಸುತ್ತ ಕಬ್ಬು ಹೇರಿಕೊಂಡು ತೆವಳುವ ಟ್ರ್ಯಾಕ್ಟರುಗಳನ್ನು ಕಂಡವರಿಗೆ ಉತ್ತರ ಗೊತ್ತು. ವೇಗವಿಲ್ಲದ, ತಲೆಭಾರದ ಟ್ರೇಲರು ಅತಿಯಾದ ಓರೆಯಲ್ಲಿ ಒಳಮಗ್ಗುಲಿಗೆ ಮಗುಚೀತು. ಅದಕ್ಕೆಂದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1980ರ ನಿಯಮಾವಳಿಯು ಬಯಲುನಾಡಿನಲ್ಲಿ ಓರೆಯನ್ನು ನೂರಕ್ಕೆ 7ಕ್ಕೆ ಮಿತಿಗೊಳಿಸಿತು.

ನೇರ ರಸ್ತೆಯಿಂದ ತಿರುವಿಗೆ ಒಮ್ಮೆಗೇ ನುಗ್ಗುವಂತಿಲ್ಲ. ಸ್ಟಿಯರಿಂಗ್ ತಿರುಗಿಸಲು ಸಮಯ ಬೇಕು. ಅಂಚು ಏರಲೂ ದೂರ ಬೇಕು. ಆದುದರಿಂದ ಇವೆರಡರ ನಡುವೆ, ಮುಂದೆ ಹೋದಷ್ಟೂ ವಕ್ರತೆ ಸಮನಾಗಿ ಹೆಚ್ಚುವ ಸುರುಳಿಯನ್ನು ಹೊಂದಿಸುತ್ತಾರೆ. ಮಾದರಿಯನ್ನು ಸಿಮ್ಯುಲೇಟರಿಗೆ ಸಾಗಿಸುವಾಗ ಕೆಡುವುದು ಈ ನಯವೇ. ಗಣಕಯಂತ್ರವು ಚಿತ್ರ ಬಿಡಿಸುವಾಗ ರಸ್ತೆಯ ಮೈಯನ್ನು ಚಿಕ್ಕ ಚಪ್ಪಟೆ ತ್ರಿಕೋನಗಳಾಗಿ ಒಡೆಯುತ್ತದೆ. ಕಣ್ಣಿಗೆ ಇದರಿಂದ ತೊಂದರೆಯಿಲ್ಲ, ಚಕ್ರಕ್ಕೆ ಉಂಟು. ತಗ್ಗೊಂದರಲ್ಲಿ ಎರಡು ತ್ರಿಕೋನಗಳು ಕೇವಲ ಒಂದು ಡಿಗ್ರಿ ಓರೆಯಾಗಿ ಕೂಡಿವೆಯೆನ್ನಿ. ಸೆಕೆಂಡಿಗೆ 22 ಮೀಟರು ವೇಗದಲ್ಲಿ ಆ ಸಂಧಿಯನ್ನು ದಾಟುವ ಚಕ್ರವು ಥಟ್ಟನೆ ಸೆಕೆಂಡಿಗೆ 38 ಸೆಂಟಿಮೀಟರು ವೇಗದಲ್ಲಿ ಮೇಲಕ್ಕೆ ಚಿಮ್ಮಬೇಕಾಗುತ್ತದೆ. ಇಲ್ಲದ ಗುಂಡಿಯೊಂದು ಹುಟ್ಟಿದಂತಾಯಿತು. ಇರುವ ಗುಂಡಿಗಳೇ ನಮಗೆ ಸಾಲದೆ?

ಪರಿಹಾರವೆಂದರೆ, ತ್ರಿಕೋನಗಳನ್ನು ಕಣ್ಣಿಗೆ ಬಿಟ್ಟು ಚಕ್ರಕ್ಕೆ ಗಣಿತಸೂತ್ರವನ್ನೇ ಕೊಡುವುದು. 2006ರಲ್ಲಿ ಮೊದಲು ಪ್ರಕಟವಾದ ‘ಓಪನ್‌ಡ್ರೈವ್’ ಎಂಬ ಬರಹಕ್ರಮದಲ್ಲಿ ರಸ್ತೆಯನ್ನು ಸರಳರೇಖೆ, ವೃತ್ತಖಂಡ, ಸುರುಳಿ ಮೊದಲಾದವುಗಳ ಸರಣಿಯಾಗಿಯೇ ವರ್ಣಿಸುತ್ತಾರೆ.

ಕಟ್ಟುವ ಮೊದಲಿನ ಈ ಪರೀಕ್ಷೆ ಬರಿಯ ಕನಸಲ್ಲ. ನಾರ್ವೆಯಲ್ಲಿ 2000ದಲ್ಲಿ ತೆರೆದ 24.5 ಕಿ.ಮೀ. ಉದ್ದದ ಲೇರ್ಡಾಲ್ ಸುರಂಗದಲ್ಲಿ ಚಾಲಕರು ಬೇಸರದಿಂದ ತೂಕಡಿಸುವ ಭಯವಿತ್ತು. ಸಿಮ್ಯುಲೇಟರಿನ ಪರೀಕ್ಷೆಗಳ ನೆರವಿನಿಂದ ವಿನ್ಯಾಸವನ್ನು ತಿದ್ದಿ, ನಡುನಡುವೆ ನೀಲಿ ಬೆಳಕಿನ ಮೂರು ವಿಶಾಲ ಗುಹೆಗಳನ್ನು ಕೊರೆದರು.

ನಮ್ಮ ಕಡೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಏರಿನ ನೆತ್ತಿಯಾಚೆ, ದೀಪವಿಲ್ಲದ ಕಬ್ಬಿನ ಟ್ರೇಲರೊಂದು ನಿಂತಿದೆಯೆನ್ನಿ. ಗಂಟೆಗೆ 80 ಕಿ.ಮೀ. ವೇಗದ ಚಾಲಕನು ಅದನ್ನು ಕಂಡು ಬ್ರೇಕು ಒತ್ತಲು ಎರಡೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲಿ 56 ಮೀಟರು ಕಳೆದಿರುತ್ತದೆ, ಘರ್ಷಣಾಂಕ 0.35 ಆಗಿದ್ದರೆ ನಿಲ್ಲಲು ಮತ್ತೆ 72 ಮೀಟರು. ಖಾನಾಪುರದ ಜಡಿಮಳೆಯಲ್ಲಿ, ಸವೆದ ಟೈರುಗಳ ಕೆಳಗೆ ಘರ್ಷಣೆ ಇದರ ಅರ್ಧಕ್ಕಿಳಿದರೆ ಒಟ್ಟು ದೂರ 200 ಮೀಟರಾಗುತ್ತದೆ. ನೆತ್ತಿ ಅಷ್ಟು ದೂರದ ನೋಟವನ್ನು ಬಿಟ್ಟುಕೊಡುವುದೇ? ವಿದೇಶದಿಂದ ತಂದ ಸಿಮ್ಯುಲೇಟರಿನಲ್ಲಿ ಕಬ್ಬಿನ ಟ್ರೇಲರು ಇರಲಾರದು. ಅದನ್ನೂ ಈ ಮಳೆಯನ್ನೂ ನಾವೇ ಸೇರಿಸಿಕೊಳ್ಳಬೇಕು. ನೆತ್ತಿ ಅಡ್ಡಬರುವುದೆಂದು ಆಗ ಕಂಡರೆ, ಅದನ್ನು ಒಂದು ಮೀಟರು ತಗ್ಗಿಸಲು ಮಾದರಿಯಲ್ಲಿ ಕೆಲವೇ ಅಂಕಿಗಳನ್ನು ಬದಲಾಯಿಸಿದರೆ ಸಾಕು.