ಕಚ್ಚಿ ಹಿಡಿದ ನಾಯಿ ಬಾಯಿ ಬಿಡುವುದು ಯಾವಾಗ?

2022ರ ಜನವರಿ 1ರಂದು ಜರ್ಮನಿಯಲ್ಲಿ ನಾಯಿ ಸಾಕಣೆಯ ತಿದ್ದುಪಡಿ ನಿಯಮಗಳು ಜಾರಿಗೆ ಬಂದವು. ನಾಯಿಯನ್ನು ಪಳಗಿಸುವಾಗ ಮುಳ್ಳಿನ ಕೊರಳಪಟ್ಟಿಯನ್ನಾಗಲಿ, ನೋವು ಕೊಡುವ ಬೇರೆ ಯಾವುದೇ ಸಾಧನವನ್ನಾಗಲಿ ಬಳಸಕೂಡದು ಎನ್ನುವುದು ಅವುಗಳಲ್ಲೊಂದು. ಅದರ ಬೆನ್ನಿಗೇ ಬರ್ಲಿನ್ ಪೊಲೀಸರು ಆರೋಪಿಗಳನ್ನು ಹಿಡಿಯುವ ನಾಯಿಗಳನ್ನು ಕೆಲಸದಿಂದ ಹಿಂದಕ್ಕೆ ಕರೆಸಿಕೊಂಡಿದ್ದಾರೆ ಎಂಬ ಸುದ್ದಿ ಬಂತು. ಹಿಡಿ ಎಂದರೆ ಈ ನಾಯಿಗಳು ಹಿಡಿಯುತ್ತವೆ, ಅದಕ್ಕೆ ನೋವು ಬೇಕಿಲ್ಲ. ಆದರೆ ಹಿಡಿದದ್ದನ್ನು ಬಿಡಿಸುವ ಪಾಠಕ್ಕೆ ಕೊರಳಿಗೆ ಬಿಗಿತ ಬೀಳದೆ ಆಗುವುದಿಲ್ಲ ಎಂಬುದು ಪೊಲೀಸರ ಕಡೆಯ ವಾದವಾಗಿತ್ತು. ಹಗ್ಗ ಕಚ್ಚಿದ ನಾಯಿಯ ಬಾಯಿಗೆ ಬೆರಳಿಟ್ಟು ಬಿಡಿಸಲು ಒದ್ದಾಡುವ ಮನೆಯವರೂ ಹೆಚ್ಚುಕಡಿಮೆ ಇದನ್ನೇ ನಂಬಿರುತ್ತಾರೆ. ಈ ನಂಬಿಕೆ ತಪ್ಪು ಎಂದು ನಾನು ವಾದಿಸುತ್ತಿದ್ದೇನೆ. ಬಿಟ್ಟರೆ ಆಟ ಮುಗಿಯಿತು ಎಂದು ನಾವೇ ದಿನವೂ ಕಲಿಸುತ್ತಿರುವುದರಿಂದ ನಾಯಿ ಬಿಡುವುದಿಲ್ಲ. ಬಿಟ್ಟ ಕೂಡಲೇ ಆಟ ಮತ್ತೆ ಶುರುವಾಗುತ್ತದೆ ಎಂದು ತಿಳಿದ ನಾಯಿ ತಾನಾಗಿ ಬಾಯಿ ತೆರೆಯುತ್ತದೆ.

ತರಬೇತುದಾರರು ಡ್ರೈವ್ ಎಂದು ಕರೆಯುವ ಗುಣವನ್ನು ಮೊದಲು ನೋಡೋಣ. ಕಣ್ಣಿಗೆ ಬಿದ್ದದ್ದನ್ನು ಅಟ್ಟುವುದು, ಹಿಡಿಯುವುದು, ಕೊಡವಿ ಕೊಲ್ಲುವುದು, ಹರಿದು ತಿನ್ನುವುದು, ಇವು ಬೇಟೆಯಾಡುವ ಪ್ರಾಣಿಯ ನಡವಳಿಕೆಯ ಕೊಂಡಿಗಳು. ಮನುಷ್ಯರು ತಲೆಮಾರುಗಳಿಂದ ಮರಿಗಳನ್ನು ಆರಿಸುತ್ತಾ ಈ ಕೊಂಡಿಗಳಲ್ಲಿ ಕೆಲವನ್ನು ಬಲಪಡಿಸಿದ್ದಾರೆ, ಕೆಲವನ್ನು ಸಡಿಲಿಸಿದ್ದಾರೆ. ಬೆಲ್ಜಿಯನ್ ಮ್ಯಾಲಿನಾಯ್ಸ್, ಕೆಲಸದ ತಳಿಯ ಜರ್ಮನ್ ಶೆಫರ್ಡ್ ಇಂಥವುಗಳಲ್ಲಿ ಅಟ್ಟಿ ಹಿಡಿಯುವ ಕೊಂಡಿಗಳು ಬಹಳ ಬಿಗಿ. ಬೆಂಗಳೂರಿನ ಹೊರವಲಯದ ತರಳುವಿನಲ್ಲಿರುವ ಸಿಆರ್‌ಪಿಎಫ್ ಶ್ವಾನ ತರಬೇತಿ ಶಾಲೆ ಮ್ಯಾಲಿನಾಯ್ಸ್‌ಗಳನ್ನು ಬೆಳೆಸುವುದರ ಹಿಂದಿರುವುದೂ ಈ ಗುಣವೇ. ವಾಸನೆ ಪತ್ತೆ ಹಚ್ಚುವ ನಾಯಿ ಚೆಂಡೊಂದರ ಆಸೆಗೆ ಗಂಟೆಗಟ್ಟಲೆ ದುಡಿಯುತ್ತದೆ. ಅಂಥ ನಾಯಿಯ ಬಾಯಲ್ಲಿರುವ ಆಟಿಕೆಯನ್ನು ನಾವು ಜಗ್ಗಿದರೆ ಅದಕ್ಕೆ ಬೇಟೆ ಒದ್ದಾಡಿದಂತೆ ಅನ್ನಿಸಿ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಬೆನ್ನಟ್ಟಿ ಹೋದರೆ ಓಡಾಟದ ಹೊಸ ಆಟವೊಂದು ಸಿಕ್ಕಿತೆಂದು ಖುಷಿಪಡುತ್ತದೆ. ದನಿಯೇರಿಸಿ ‘ಬಿಡು, ಬಿಡು, ಬಿಡು’ ಎಂದು ಕೂಗಿದರೆ ಗದ್ದಲಕ್ಕೆ ಗದ್ದಲ ಸೇರಿತು, ಅಷ್ಟೇ. ಕೊನೆಗೆ ಹೇಗೋ ಕಿತ್ತುಕೊಂಡು ಆಟಿಕೆಯನ್ನು ಬೀರುವಿನ ಮೇಲೆ ಎಸೆದುಬಿಡುತ್ತೇವೆ. ಇಷ್ಟೂ ಹೊತ್ತಿನಲ್ಲಿ ನಾಯಿ ಕಲಿತ ಪಾಠ ಒಂದೇ: ಆ ಮಾತು ಕಿವಿಗೆ ಬಿದ್ದರೆ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು, ಏಕೆಂದರೆ ಮುಂದೆ ಏನೂ ಇಲ್ಲ.

ಅಮೆರಿಕದ ಮನೋವಿಜ್ಞಾನಿ ಡೇವಿಡ್ ಪ್ರೆಮ್ಯಾಕ್ 1959ರಲ್ಲಿ ಶಾಲಾ ಮಕ್ಕಳ ಮುಂದೆ ಮಿಠಾಯಿಯನ್ನೂ ಪಿನ್‌ಬಾಲ್ ಯಂತ್ರವನ್ನೂ ಇಟ್ಟು ಪ್ರಯೋಗ ಮಾಡಿದರು. ಆಟವನ್ನೇ ಹೆಚ್ಚು ಇಷ್ಟಪಟ್ಟ ಮಕ್ಕಳು ಆಡುವ ಅವಕಾಶಕ್ಕಾಗಿ ಮಿಠಾಯಿ ತಿಂದರು, ಮಿಠಾಯಿ ಮೆಚ್ಚಿದವರು ಅದು ಸಿಗಲೆಂದು ಆಡಿದರು. ಹೆಚ್ಚು ಇಷ್ಟವಾದ ಕೆಲಸವನ್ನು ಕಡಿಮೆ ಇಷ್ಟವಾದ ಕೆಲಸಕ್ಕೆ ಬಹುಮಾನವಾಗಿ ಕೊಡಬಹುದು ಎಂಬ ಈ ತತ್ವವೇ ನಮ್ಮ ವಿಷಯಕ್ಕೆ ಬೀಗದ ಕೈ. ನಾಯಿಗೆ ಜಗ್ಗಾಟ ಇಷ್ಟ, ಬಾಯಿ ಬಿಡುವುದು ಇಷ್ಟವಿಲ್ಲ. ಹಾಗಾದರೆ ಬಾಯಿ ಬಿಟ್ಟದ್ದಕ್ಕೆ ಜಗ್ಗಾಟವನ್ನೇ ಕೂಲಿಯಾಗಿ ಕೊಡಬೇಕು. ಪಳಗಿದ ಕೈಗಳಲ್ಲಿ ಇದು ನಡೆಯುವ ಬಗೆ ನೋಡಿ. ಸೆಣಬಿನ ದಪ್ಪ ಸುರುಳಿ, ಎರಡು ತುದಿಗೂ ಹಿಡಿ. ನಾಯಿ ನಡುವೆ ಕಚ್ಚಿ ಹಿಂದಕ್ಕೆ ಜಗ್ಗುತ್ತಿದೆ. ಆಡಿಸುವವರು ಮಾಮೂಲಿ ದನಿಯಲ್ಲಿ ಒಮ್ಮೆ ಮಾತ್ರ ‘ಬಿಡು’ ಎನ್ನುತ್ತಾರೆ. ಅರೆಗಳಿಗೆ ಬಿಟ್ಟು ಎರಡೂ ಹಿಡಿಗಳನ್ನು ತೊಡೆಗೆ ಒತ್ತಿಕೊಂಡು ಕಂಬದಂತೆ ನಿಂತುಬಿಡುತ್ತಾರೆ. ನಾಯಿ ಹಿಂದಕ್ಕೆ ಜಗ್ಗಿ ತನ್ನಷ್ಟಕ್ಕೆ ಆಟ ಮುಂದುವರಿಸದಂತೆ, ಬೇಕಿದ್ದರೆ, ಸಾದಾ ಕೊರಳಪಟ್ಟಿಯನ್ನು ಮೆಲ್ಲನೆ ಹಿಡಿದಿರುತ್ತಾರೆ. ಈಗ ಬೇಟೆ ಸತ್ತಿತು. ನಾಯಿ ಒಂದೆರಡು ಸಲ ಕೊಡವುತ್ತದೆ, ಹಲ್ಲು ಬದಲಿಸಿ ಹಿಡಿಯುತ್ತದೆ, ಅಲುಗಾಟವಿಲ್ಲದ್ದು ಕಂಡು ಕಣ್ಣೆತ್ತಿ ಮುಖ ನೋಡುತ್ತದೆ, ದವಡೆ ಸಡಿಲುತ್ತದೆ. ಬಾಯಿ ಬಿಟ್ಟ ಆ ಕ್ಷಣಕ್ಕೇ ‘ಹಾಂ!’ ಎಂಬ ಮೆಚ್ಚುಗೆ, ಅದರ ಹಿಂದೆಯೇ ಸುರುಳಿ ನಾಯಿಯಿಂದ ದೂರಕ್ಕೆ ಸರ್ರನೆ ಓಡುತ್ತದೆ, ನಾಯಿ ಹಾರಿ ಹಿಡಿಯುತ್ತದೆ. ಚೆಂಡಿನ ಹುಚ್ಚಿನ ನಾಯಿಯಾದರೆ ಒಂದೇ ತೆರನ ಎರಡು ಚೆಂಡು ಇಟ್ಟುಕೊಂಡರಾಯಿತು: ಬಾಯಲ್ಲಿದ್ದದ್ದು ನೆಲಕ್ಕೆ ಬಿದ್ದೊಡನೆ ಕೈಯಲ್ಲಿದ್ದದ್ದು ಹಾರಬೇಕು.

ಈ ಪಾಠ ಕೆಡುವುದು ಸಣ್ಣ ಸಂಗತಿಗಳಲ್ಲಿ. ಮಾತು ಮೊದಲು, ಕೈ ನಿಲ್ಲುವುದು ಆಮೇಲೆ. ಎರಡೂ ಒಟ್ಟಿಗೆ ಆದರೆ ನಾಯಿ ಕೈಯನ್ನೇ ನೋಡಿ ಕಲಿಯುತ್ತದೆ, ಮಾತು ಅದಕ್ಕೆ ಹಿನ್ನೆಲೆಯ ಸದ್ದಾಗುತ್ತದೆ. ಬಿಟ್ಟ ಮೇಲೆ ಮತ್ತೆ ಆಟ ಕೊಡಲು ಮೊದಮೊದಲು ಕ್ಷಣವೂ ತಡಮಾಡಬಾರದು. ಪಾಠ ಕೂತ ಮೇಲೆ ಒಂದು ಸೆಕೆಂಡು, ಎರಡು ಸೆಕೆಂಡು ಎಂದು ಕಾಯಿಸುತ್ತಾ, ‘ಕೂರು’ ಎಂದು ಕೂರಿಸಿ, ‘ಹಿಡಿ’ ಎಂದಾಗಲೇ ಹಿಡಿಯುವಂತೆ ಮಾಡಬಹುದು. ನಾಯಿ ಎಷ್ಟು ಉದ್ರೇಕಗೊಂಡಿದೆ ಎನ್ನುವುದಂತೂ ಎಲ್ಲಕ್ಕಿಂತ ಮುಖ್ಯ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನಪಿಡತಕ್ಕದ್ದು. ಪಾರದರ್ಶಕ ತಡೆಯೊಂದರ ಹಿಂದೆ ಬಹುಮಾನವಿತ್ತು. ನೇರ ನುಗ್ಗುವ ಆಸೆ ಹತ್ತಿಕ್ಕಿ ಸುತ್ತಿ ಹೋಗಬೇಕಿತ್ತು. ಸ್ವಭಾವತಃ ಶಾಂತವಾದ ಸಹಾಯಕ ನಾಯಿಗಳನ್ನು ಹುರಿದುಂಬಿಸಿದಾಗ ಅವು ಇನ್ನೂ ಚೆನ್ನಾಗಿ ಮಾಡಿದವು, ಚಂಚಲವಾದ ಮನೆನಾಯಿಗಳು ಹುರಿದುಂಬಿಸಿದಷ್ಟೂ ಎಡವಿದವು. ತಡೆಯನ್ನು ಸುತ್ತಿ ಹೋಗುವುದೂ ಬಾಯಿಗೆ ಸಿಕ್ಕಿದ್ದನ್ನು ಬಿಡುವುದೂ ಆಸೆಯನ್ನು ತಡೆದುಕೊಳ್ಳುವ ಕೆಲಸಗಳೇ. ಹಾಗಾಗಿ ಡ್ರೈವ್ ಜಾಸ್ತಿಯಿರುವ ನಾಯಿಗೆ ಮೊದಲ ಪಾಠ ಆಟದ ಬಿಸಿ ಏರುವ ಮುನ್ನ, ಮನೆಯೊಳಗೆ, ಅದಕ್ಕೆ ಅಷ್ಟೇನೂ ಹುಚ್ಚಿಲ್ಲದ ಆಟಿಕೆಯಿಂದ ನಡೆಯಬೇಕು. ಅಂಗಳ, ಮೈದಾನ, ಇತರ ನಾಯಿಗಳ ನಡುವೆ ಎಂಬ ಮೆಟ್ಟಿಲುಗಳು ಆಮೇಲಿನವು. ನೇರ ಮೈದಾನಕ್ಕಿಳಿದು ‘ನಮ್ಮ ನಾಯಿಗೆ ಇದೆಲ್ಲ ಆಗಲ್ಲ’ ಎನ್ನುವವರು ನಾಯಿಗೆ ಅನ್ಯಾಯ ಮಾಡುತ್ತಾರೆ.

ಇದು ಲಂಚವಲ್ಲವೇ, ಇನ್ನೊಂದು ಚೆಂಡು ಕಂಡರೆ ಮಾತ್ರ ಬಿಡುವ ನಾಯಿಯಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ, ಬಹಳ ಮನೆಗಳಲ್ಲಿ ಆಗುವುದೂ ಹಾಗೆಯೇ. ಬಿಸ್ಕತ್ತನ್ನು ಮೂಗಿನ ಮುಂದೆ ಆಡಿಸಿ ‘ಬಿಡು’ ಎಂದರೆ ನಾಯಿ ಬಿಸ್ಕತ್ತಿನ ಮಾತು ಕೇಳುತ್ತದೆ, ನಮ್ಮದನ್ನಲ್ಲ. ಇದಕ್ಕೆ ಉತ್ತರ ಅನುಕ್ರಮದಲ್ಲಿದೆ: ಮಾತು, ಬಿಡುವುದು, ಆಮೇಲೆ ಬಹುಮಾನ. ಮೊದಲ ಕೆಲವು ಸಲವನ್ನುಳಿದು, ಎರಡನೆಯ ಚೆಂಡು ಬೆನ್ನ ಹಿಂದೆಯೋ ಜೇಬಿನಲ್ಲೋ ಇರಬೇಕು. ಇನ್ನೊಂದು ಆಕ್ಷೇಪ, ನಾಯಿಗೆ ಗೆಲ್ಲಲು ಬಿಟ್ಟರೆ ಅದು ಯಜಮಾನಿಕೆ ಮಾಡುತ್ತದೆ ಎಂಬುದು. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ನಿಕೋಲಾ ರೂನಿ ಮತ್ತು ಜಾನ್ ಬ್ರಾಡ್‌ಶಾ 14 ಗೋಲ್ಡನ್ ರಿಟ್ರೀವರ್‌ಗಳೊಂದಿಗೆ ಇದನ್ನೇ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಜಗ್ಗಾಟದಲ್ಲಿ ಗೆಲ್ಲಿಸಿದ್ದರಿಂದ ನಾಯಿಗಳು ಮನುಷ್ಯರ ಮೇಲೆ ದರ್ಪ ತೋರಿದ ಲಕ್ಷಣ ಕಾಣಲಿಲ್ಲ. ಆಡಿದ ಮೇಲೆ ಅವು ಹೇಳಿದ ಮಾತಿಗೆ ಇನ್ನೂ ಹೆಚ್ಚು ಗಮನ ಕೊಟ್ಟವು. ರಿಟ್ರೀವರ್ ಸೌಮ್ಯ ತಳಿ, ಮ್ಯಾಲಿನಾಯ್ಸ್‌ಗೆ ಅದೇ ಅನ್ವಯವಾಗುತ್ತದೆಯೇ ಎಂದು ಸಂಶಯಪಡಬಹುದು. ಆದರೆ ಗೆದ್ದ ಸುರುಳಿಯನ್ನು ಕೆಲಸದ ನಾಯಿ ಓಡಿಬಂದು ಮತ್ತೆ ತನ್ನನ್ನು ನಡೆಸುವ ಹ್ಯಾಂಡ್ಲರ್‌ನ ಕೈಗೇ ತುರುಕುವುದನ್ನು ಯಾವ ತರಬೇತಿ ಮೈದಾನದಲ್ಲೂ ನೋಡಬಹುದು. ಒಬ್ಬನೇ ಆಡುವ ಜಗ್ಗಾಟ ಅದಕ್ಕೂ ಬೇಡ.

ಇನ್ನು ಬರ್ಲಿನ್ನಿನ ವಾದ. ಅದನ್ನು ಹಗುರವಾಗಿ ತಳ್ಳಿಹಾಕಲು ಆಗದು: ಮನುಷ್ಯನ ತೋಳು ಹಿಡಿದ ನಾಯಿ ಬಿಡದಿದ್ದರೆ ಗಾಯ ದೊಡ್ಡದು, ಅಲ್ಲಿ ಎರಡನೆಯ ಚೆಂಡಿಗೆ ಸಮಯವಿಲ್ಲ. ಐಜಿಪಿ ಎಂಬ ನಾಯಿ ಕ್ರೀಡೆಯಲ್ಲೂ ಮೂರು ಸಲ ಹೇಳಿದರೂ ತೋಳುಗವಸು ಬಿಡದ ನಾಯಿಯನ್ನು ಸ್ಪರ್ಧೆಯಿಂದಲೇ ಹೊರಗೆ ಹಾಕುತ್ತಾರೆ. ಆದರೂ ನೋವೇ ನೆಚ್ಚಬಹುದಾದ ದಾರಿ ಎನ್ನುವುದಕ್ಕೆ ಸಾಕ್ಷ್ಯ ದುರ್ಬಲ. ಬೆಲ್ಜಿಯಂ ಸೇನೆಯ 33 ನಾಯಿ–ಹ್ಯಾಂಡ್ಲರ್ ಜೋಡಿಗಳನ್ನು ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಳಪೆಯಾಗಿ ಕೆಲಸ ಮಾಡಿದ ನಾಯಿಗಳಿಗೇ ಹೆಚ್ಚು ಜಗ್ಗು, ಹೆಚ್ಚು ಶಿಕ್ಷೆ ಸಿಕ್ಕಿತ್ತು. ಕೆಲಸ ಕೆಟ್ಟಿದ್ದರಿಂದ ಶಿಕ್ಷೆ ಹೆಚ್ಚಿತೋ, ಶಿಕ್ಷೆಯಿಂದ ಕೆಲಸ ಕೆಟ್ಟಿತೋ ಎಂದು ಅದೊಂದರಿಂದಲೇ ತೀರ್ಮಾನಿಸಲಾಗದು, ನಿಜ. ಶಿಕ್ಷೆ ಅವುಗಳನ್ನು ಉಳಿದವುಗಳ ಮಟ್ಟಕ್ಕೆ ತಂದಿರಲಿಲ್ಲ ಎಂಬುದಂತೂ ಸ್ಪಷ್ಟ. ಜೊತೆಗೆ, ಬಾಯಲ್ಲಿ ಹಿಡಿತವಿರುವಾಗಲೇ ಕೊರಳಿಗೆ ನೋವಾದರೆ ಕಾದಾಡುವ ಸ್ವಭಾವದ ನಾಯಿ ಆ ನೋವನ್ನು ಎದುರಾಳಿಯ ಲೆಕ್ಕಕ್ಕೆ ಬರೆದು ಇನ್ನಷ್ಟು ಅಮುಕುವುದುಂಟು. ಅನುಭವಿ ತರಬೇತುದಾರರು ಇದನ್ನು ಬಲ್ಲರು. ವರ್ಷಗಟ್ಟಲೆ ಹಾಗೆ ಪಳಗಿದ ನಾಯಿಯನ್ನು ರಾತ್ರೋರಾತ್ರಿ ಬೇರೆ ದಾರಿಗೆ ತರುವುದು ಕಷ್ಟ ಎಂಬುದನ್ನು ಒಪ್ಪುತ್ತೇನೆ. ಮರಿಯಾಗಿದ್ದಾಗ ಚಿಂದಿಬಟ್ಟೆಯಿಂದಲೇ ಆರಂಭವಾಗುವ ಪಾಠಕ್ಕೆ ಆ ಕಷ್ಟವಿಲ್ಲ.

ಮನೆಯವರು ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ಜಗ್ಗಾಟದ ನಡುವಿನ ಗುರ್ರೆನ್ನುವಿಕೆ ಆಟದ್ದು. ಮೈ ಕುಣಿಯುತ್ತಿರುತ್ತದೆ, ನಾಯಿ ಹತ್ತಿರ ಬರುತ್ತದೆ. ವಸ್ತುವಿನ ಮೇಲೆ ಬಾಗಿ, ಮೈ ಸೆಟೆಸಿ, ಕಣ್ಣಿನ ಬಿಳಿ ತೋರುತ್ತಾ ಗುರುಗುಟ್ಟುವ ನಾಯಿ ಆಡುತ್ತಿಲ್ಲ, ಕಾವಲು ಕಾಯುತ್ತಿದೆ. ಅದರೊಂದಿಗೆ ಮೇಲಿನ ಪಾಠ ಸಲ್ಲದು, ಕೈ ಹಾಕಲೂಬಾರದು, ನಾಯಿಗಳ ವರ್ತನೆ ಬಲ್ಲ ಪಶುವೈದ್ಯರನ್ನೇ ಕಾಣಬೇಕು. ಹಲ್ಲು ಬದಲಾಗುವ ನಾಲ್ಕರಿಂದ ಆರು ತಿಂಗಳ ಮರಿಯನ್ನು ಜೋರಾಗಿ ಜಗ್ಗಿಸಬಾರದು, ಗಂಟಲಿಗೆ ಇಳಿಯುವಷ್ಟು ಸಣ್ಣ ಚೆಂಡನ್ನು ಯಾವ ವಯಸ್ಸಿನಲ್ಲೂ ಕೊಡಬಾರದು. ಆಟ ಒಂದಲ್ಲ ಒಂದು ಹೊತ್ತಿಗೆ ಮುಗಿಯಲೇಬೇಕಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ದಿನದ ‘ಬಿಡು’ಗಳಲ್ಲಿ ಬಹುಪಾಲು ಆಟಕ್ಕೇ ಮರಳಿದರೆ ಕೊನೆಯದೊಂದು ಈ ಪಾಠವನ್ನು ಕೆಡಿಸುವುದಿಲ್ಲ, ಆ ಕೊನೆಯ ಸಲ ಆಟಿಕೆ ಒಳಗೆ ಹೋಗುವಾಗ ನೆಲದ ಮೇಲೆ ಒಂದು ಹಿಡಿ ತಿಂಡಿ ಚೆಲ್ಲಿ ಹುಡುಕಲು ಬಿಟ್ಟರೆ ಮೂಗಿಗೆ ಕೆಲಸ ಸಿಕ್ಕಿ ನಾಯಿ ತಣ್ಣಗಾಗುತ್ತದೆ. ಹೀಗೆ ಕಲಿತ ಮಾತನ್ನು ಆಮೇಲೆ ಕಾಲುಚೀಲ, ಚಪ್ಪಲಿಗಳ ಮೇಲೂ ಪ್ರಯೋಗಿಸಿ ಗಟ್ಟಿ ಮಾಡಿಕೊಳ್ಳಬೇಕು. ಬೀದಿಬದಿಯ ಕೋಳಿ ಮೂಳೆಯೋ ಇಲಿಪಾಷಾಣದ ಉಂಡೆಯೋ ಬಾಯಿ ಸೇರಿದ ದಿನ ಪಶುವೈದ್ಯರ ಮನೆಗೆ ಓಡುವುದು ತಪ್ಪಬೇಕಾದರೆ, ಅದೇ ಒಂದು ಮಾತಿಗೆ, ಕೂಗಾಟವಿಲ್ಲದೆ, ದವಡೆ ಸಡಿಲವಾಗಬೇಕು.